ಬಟ್ಟಬಯಲಲ್ಲಿ ನಾಲ್ಕು ಮೊಟ್ಟೆ

ಗೂಡಿನ ಮಾತು ಅಂದಮೇಲೆ ಗೀಜಗ ಬಂದೇ ಬರುತ್ತದೆ ಅಂತ ಕೂತಿದ್ದೀರಿ. ಗಂಡು ಗೀಜಗ ಭತ್ತದ ಎಲೆ, ಗರಿ ಸೀಳಿ ಅರ್ಧ ಗೂಡು ನೇಯುತ್ತದೆ; ಹೆಣ್ಣು ಬಂದು ಒಪ್ಪಿದರಷ್ಟೇ ಉಳಿದರ್ಧ. ದೊಡ್ಡ ಕಸುಬುದಾರ, ಅನುಮಾನವಿಲ್ಲ. ಇವತ್ತು ಮಾತ್ರ ಅವನನ್ನು ಮರದಲ್ಲೇ ಬಿಟ್ಟು, ಗೂಡನ್ನೇ ಕಟ್ಟದ ಟಿಟ್ಟಿಭದ ಬಳಿ ಹೋಗೋಣ. ಪಂಚತಂತ್ರದಲ್ಲಿ ಮೊಟ್ಟೆ ಕದ್ದ ಸಮುದ್ರದ ಮೇಲೇ ಜಗಳಕ್ಕೆ ನಿಂತ ಹಕ್ಕಿ ಇದು. ಅದರ ಅರಚಾಟ ಕೇಳಿದವರು ಕಥೆಯನ್ನು ನಂಬುತ್ತಾರೆ.

ಒಂದು ಏಪ್ರಿಲ್‌ನಲ್ಲಿ ನಮ್ಮೂರ ಒಣಗಿದ ಕೆರೆಯಂಗಳದಲ್ಲಿ ಅದರ ಮೊಟ್ಟೆ ಕಂಡೆ. ಅಂಗೈಯಗಲದ ತಗ್ಗು, ಸುತ್ತ ನಾಲ್ಕಾರು ಹರಳುಕಲ್ಲು, ಒಣಗಿದ ಆಡಿನ ಹಿಕ್ಕೆ. ಅಷ್ಟೇ. ಮಣ್ಣಿನ ಬಣ್ಣದ ನಾಲ್ಕು ಮೊಟ್ಟೆ, ಮೇಲೆ ಕಪ್ಪು ಮಚ್ಚೆ, ಚೂಪು ತುದಿಗಳೆಲ್ಲ ಒಳಮುಖ. ಹಾಗೆ ಒತ್ತಾಗಿ ಕೂತರೇ ನಾಲ್ಕೂ ಒಂದು ಹೊಟ್ಟೆಯಡಿ ಅಡಗುವುದು. ಬೆವರೊರೆಸಿಕೊಂಡು ಮತ್ತೆ ನೋಡಿದೆ, ಮೊಟ್ಟೆ ಎಲ್ಲಿದ್ದವೆಂದೇ ತಿಳಿಯಲಿಲ್ಲ!

ಕೋಳಿ ಕಾವಿಗೆ ಕೂತಿದೆ ಅನ್ನುತ್ತೇವೆ. ಬಹುತೇಕ ಹಕ್ಕಿಗಳಿಗೆ ಆ ಕಾಲದಲ್ಲಿ ಹೊಟ್ಟೆಯಡಿಯ ಪುಕ್ಕ ಉದುರಿ ಬರಿ ಚರ್ಮವಾಗುತ್ತದೆ. ಮೈಬಿಸಿ ನೇರವಾಗಿ ಮೊಟ್ಟೆಗೆ ತಗಲುತ್ತದೆ. ಒಳಗಿನ ಮರಿಗೆ ಬೇಕಾದದ್ದು ಸುಮಾರು 37, 38 ಡಿಗ್ರಿ. ಬಯಲುಸೀಮೆಯ ಏಪ್ರಿಲ್ ಮಧ್ಯಾಹ್ನದಲ್ಲಿ ಆ ನೆಲಕ್ಕೆ ಬರಿಗಾಲು ಇಡಲಾಗದು. ಅಲ್ಲಿ ಬಿಟ್ಟರೆ ಮೊಟ್ಟೆ ಬೆಂದೇ ಹೋದೀತು. ಹಾಗಾಗಿ ಟಿಟ್ಟಿಭ ರಾತ್ರಿ ಬಿಸಿ ಕೊಡಲು ಕೂತರೆ, ಹಗಲು ನೆರಳು ಕೊಡಲು ನಿಲ್ಲುತ್ತದೆ. ನೀರು ಹತ್ತಿರವಿದ್ದರೆ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಗಂಡು ಹೆಣ್ಣು ಸರದಿಯಲ್ಲಿ 28ರಿಂದ 30 ದಿನ. ಕನ್ನಡದಲ್ಲಿ ಬಿಸಿಯಾಗುವುದೂ ಕಾಯುವುದೇ, ಕಾವಲಿರುವುದೂ ಕಾಯುವುದೇ. ಈ ಹಕ್ಕಿಯನ್ನು ನೋಡಿದಾಗಿನಿಂದ ಆ ಎರಡು ಮಾತನ್ನು ಬೇರೆ ಮಾಡಲು ನನಗಾಗಿಲ್ಲ.

ಮೊಟ್ಟೆಗಳೆಲ್ಲ ಇಟ್ಟಾದ ಮೇಲೆಯೇ ಕಾವು ಶುರು. ಮೊದಲಿಟ್ಟದ್ದು ಉಳಿದವುಗಳ ದಾರಿ ನೋಡುತ್ತದೆ. ಆದ್ದರಿಂದ ಮರಿಗಳು ಹೆಚ್ಚುಕಡಿಮೆ ಒಟ್ಟಿಗೇ ಹೊರಬೀಳುತ್ತವೆ. ಮೈಮೇಲೆ ತುಪ್ಪಳ, ಕಣ್ಣು ತೆರೆದೇ ಇರುತ್ತದೆ, ಮೈ ಒಣಗಿದರೆ ಓಟ. ಬರಿಮೈಯಲ್ಲಿ, ಕಣ್ಣು ಮುಚ್ಚಿ ಹುಟ್ಟುವ ಗೀಜಗನ ಮರಿಗೆ ತೂಗುವ ತೊಟ್ಟಿಲು ಬೇಕು, ಇವಕ್ಕೆ ಬೇಡ.

ಒಡೆದ ಚಿಪ್ಪಿನದೂ ಒಂದು ಕಥೆಯಿದೆ. ಹೊರಗೆ ಮಣ್ಣಿನ ಬಣ್ಣವಾದರೂ ಒಳಗೆ ಬಿಳಿ. ಪ್ರಾಣಿಗಳ ನಡವಳಿಕೆಯ ವಿಜ್ಞಾನಿ ನಿಕೊ ಟಿನ್‌ಬರ್ಗೆನ್ ಕಡಲಕ್ಕಿಗಳ ಗೂಡಿನ ಬಳಿ ಪರೀಕ್ಷೆ ಮಾಡಿ 1962ರಲ್ಲಿ ತೋರಿಸಿಕೊಟ್ಟರು: ಪಕ್ಕದಲ್ಲಿ ಒಡೆದ ಚಿಪ್ಪು ಬಿದ್ದಿದ್ದರೆ ಕಾಗೆಗಳಿಗೆ ಉಳಿದ ಮೊಟ್ಟೆ ಸುಲಭವಾಗಿ ಸಿಗುತ್ತದೆ. ತಾಯ್ತಂದೆ ಅದನ್ನು ಕಚ್ಚಿ ದೂರ ಎಸೆದು ಬರುವುದು ಇದಕ್ಕೇ.

ಮೂರು ವಾರ ಬಿಟ್ಟು ಕೆರೆಯಂಗಳಕ್ಕೆ ಮತ್ತೆ ಹೋದೆ. ತಗ್ಗು ಬರಿದಾಗಿತ್ತು, ಚಿಪ್ಪಿನ ಚೂರೂ ಇಲ್ಲ. ನಾಯಿಯೋ ಮುಂಗುಸಿಯೋ ತಿಂದಿರಬೇಕು ಅಂದುಕೊಳ್ಳುವಷ್ಟರಲ್ಲಿ ಎರಡೂ ಹಕ್ಕಿಗಳು ತಲೆಗೆ ತಾಗುವಂತೆ ಎರಗಿ ಅರಚಿದವು. ಆ ಕೂಗಿಗೆ ಮರಿಗಳು ಇದ್ದಲ್ಲೇ ನೆಲಕ್ಕಂಟಿ ಕಲ್ಲಾಗುತ್ತವೆ. ಎಷ್ಟು ಮರಿ, ಯಾವ ಕಲ್ಲಿನ ಪಕ್ಕ, ಒಂದೂ ಗೊತ್ತಾಗಲಿಲ್ಲ. ಮುಂದಿಡಲೆಂದು ಎತ್ತಿದ ಕಾಲನ್ನು ಎಲ್ಲಿಡುವುದೆಂದು ತಿಳಿಯದೆ ಸುಮಾರು ಹೊತ್ತು ಒಂಟಿಕಾಲಲ್ಲೇ ನಿಂತಿದ್ದೆ.