ಬಸ್ಸಿನಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ
(ಉಪನ್ಯಾಸದ ಬರಹರೂಪ)



ಬೆಟ್ಟವೊಂದನ್ನು ಮೊದಲ ಬಾರಿಗೆ ನೋಡಲು ಹೊರಟವರು ಕೇಳುವ ಮೊದಲ ಪ್ರಶ್ನೆ ‘ಅಲ್ಲಿಗೆ ಹೋಗುವುದು ಹೇಗೆ?’ ಎಂಬುದು. ಪರಿಸರ ಸಭೆಗಳಲ್ಲಿ ಈ ಪ್ರಶ್ನೆ ಚರ್ಚೆಗೆ ಬರುವುದು ಅಪರೂಪ. ಅಲ್ಲಿ ಗಣಿ, ಅಣೆಕಟ್ಟು, ರೆಸಾರ್ಟುಗಳ ವಿಷಯ ಬರುತ್ತದೆ. ಬಸ್ಸಿನ ವೇಳಾಪಟ್ಟಿ ಬರುವುದಿಲ್ಲ. ಆದರೆ ಇಂದು ನಾಡಿನ ಅನೇಕ ಬೆಟ್ಟಗಳ ಅಳಿವು ಉಳಿವು ಬಹುಮಟ್ಟಿಗೆ ಈ ಸಾಮಾನ್ಯ ಪ್ರಶ್ನೆಗೆ ದೊರೆಯುವ ಉತ್ತರವನ್ನೇ ಅವಲಂಬಿಸಿದೆ. ಶಿಖರದವರೆಗೆ ಕಾರು ಹೋಗುತ್ತದೆ ಎಂಬ ಉತ್ತರ ದೊರೆತರೆ ಬೆಟ್ಟದ ಕಥೆ ಒಂದು ಬಗೆ. ಕೆಳಗೆ ಇಳಿದು ಬಸ್ಸು ಹತ್ತಬೇಕು ಎಂಬ ಉತ್ತರ ದೊರೆತರೆ ಇನ್ನೊಂದು ಬಗೆ.

ಎರಡನೆಯ ಬಗೆಯ ಉತ್ತರವನ್ನು ಆಯ್ದುಕೊಂಡಿರುವ ಬೆಟ್ಟವೊಂದು ಕರ್ನಾಟಕದಲ್ಲಿಯೇ ಇದೆ. ಅದು ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಸಮುದ್ರಮಟ್ಟದಿಂದ 1,454 ಮೀಟರ್ ಎತ್ತರದಲ್ಲಿರುವ ಈ ಶಿಖರ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಳಗಿದೆ. ಮೇಲೆ ಕೊಳಲನೂದುವ ವೇಣುಗೋಪಾಲನ ಗುಡಿ ಇದೆ. ಹೊಯ್ಸಳ ಬಲ್ಲಾಳನ ಕಾಲದಲ್ಲಿ, ಕ್ರಿ.ಶ. 1315ರ ಸುಮಾರಿಗೆ ಅದು ನಿರ್ಮಾಣವಾಯಿತೆಂದು ಪ್ರತೀತಿ. ವರ್ಷದ ಬಹುಭಾಗ ಬೆಳಗಿನ ಹೊತ್ತು ಮಂಜು ಮುಸುಕಿರುವುದರಿಂದ ಹಿಮವದ್ ಎಂಬ ವಿಶೇಷಣ ಹೆಸರಿಗೆ ಸೇರಿದೆ. ಮೈಸೂರು ಅರಸರು ಈ ಕಾಡನ್ನು ವನ್ಯಜೀವಿಗಳಿಗೆಂದು ಕಾದಿರಿಸಿದಾಗ ಅದಕ್ಕೆ ವೇಣುಗೋಪಾಲ ವನ್ಯಜೀವಿ ಉದ್ಯಾನ ಎಂಬ ಹೆಸರು ಬಂದುದು ಈ ದೇವರಿಂದಲೇ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ಕೆಯಾದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು.

ಹೊಸಬರ ದಾರಿ

ಬೆಂಗಳೂರಿನಿಂದ ಹೊರಟ ಮೊದಲ ಬಾರಿಯ ಯಾತ್ರಿಕನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಅವನ ಬಳಿ ಸ್ವಂತ ವಾಹನವಿಲ್ಲ. ಮೈಸೂರಿನವರೆಗೆ ರೈಲು ಇದೆ. ಅಲ್ಲಿಂದ ರೈಲು ಮಾರ್ಗ ನಂಜನಗೂಡನ್ನು ಹಾದು ಚಾಮರಾಜನಗರಕ್ಕೆ ತಿರುಗಿಬಿಡುತ್ತದೆ, ಗುಂಡ್ಲುಪೇಟೆಗೆ ರೈಲಿಲ್ಲ. ಆದ್ದರಿಂದ ಮೈಸೂರಿನ ಗ್ರಾಮಾಂತರ ಬಸ್ ನಿಲ್ದಾಣಕ್ಕೆ ಬರುವುದೇ ಸರಿ. ಅಲ್ಲಿಂದ ನಂಜನಗೂಡು, ಬೇಗೂರು ಮಾರ್ಗವಾಗಿ ಗುಂಡ್ಲುಪೇಟೆಗೆ ಸುಮಾರು 60 ಕಿಲೋಮೀಟರ್. ಈ ದಾರಿಯಲ್ಲಿ ಬಸ್ಸುಗಳಿಗೆ ಕೊರತೆಯಿಲ್ಲ.

ಗುಂಡ್ಲುಪೇಟೆಯಲ್ಲಿ ಹೊಸಬರು ಎಚ್ಚರದಿಂದಿರಬೇಕು. ಅಲ್ಲಿ ಹೆದ್ದಾರಿ ಕವಲೊಡೆಯುತ್ತದೆ. ಬಲಕ್ಕೆ ತಿರುಗುವ ದಾರಿ ಸುಲ್ತಾನ್ ಬತ್ತೇರಿಯ ಕಡೆಗೆ, ಅಂದರೆ ವಯನಾಡಿಗೆ ಹೋಗುತ್ತದೆ. ದಕ್ಷಿಣಕ್ಕೆ ಹೋಗುವ ದಾರಿ ಬಂಡೀಪುರದ ಮೂಲಕ ಊಟಿಗೆ. ಬೆಟ್ಟಕ್ಕೆ ಹೋಗುವವರಿಗೆ ಬೇಕಾದುದು ಊಟಿಯ ದಾರಿ. ಆ ದಾರಿಯಲ್ಲಿ ಹಂಗಳ ಎಂಬ ಊರು ಸಿಗುತ್ತದೆ. ಬೆಟ್ಟದ ರಸ್ತೆ ಅಲ್ಲಿಂದ ಬಲಕ್ಕೆ ಹೊರಡುತ್ತದೆ. ಗುಂಡ್ಲುಪೇಟೆಯಿಂದ ಬೆಟ್ಟಕ್ಕೆ ಒಟ್ಟು ದೂರ ಸುಮಾರು 20 ಕಿಲೋಮೀಟರ್. ಕೇರಳದ ಬಸ್ಸು ಹತ್ತಿದವರು ಗುಂಡ್ಲುಪೇಟೆಯಲ್ಲಿಯೇ ಇಳಿಯಬೇಕು. ಇಳಿಯದಿದ್ದರೆ ಅವರ ದಿನ ವಯನಾಡಿನಲ್ಲಿ ಮುಗಿಯುತ್ತದೆ. ಹಂಗಳದಲ್ಲಿ ಇಳಿದು ಬೆಟ್ಟದ ಬಸ್ಸಿಗೆ ಕಾಯುವುದಕ್ಕಿಂತ, ಗುಂಡ್ಲುಪೇಟೆಯ ನಿಲ್ದಾಣದಲ್ಲಿಯೇ ವಿಚಾರಿಸಿ ಬೆಟ್ಟದ ಅಡಿಯವರೆಗೆ ಹೋಗುವ ಬಸ್ಸನ್ನು ಹಿಡಿಯುವುದು ಜಾಣತನ.

ಹಂಗಳ ದಾಟಿದ ಮೇಲೆ ಎರಡೂ ಬದಿ ಹೊಲಗಳು. ಇದು ಘಟ್ಟದ ಮಳೆನೆರಳಿನ ಸೀಮೆ. ಜೋಳ, ಹುರುಳಿ, ಅರಿಸಿನದ ಜೊತೆಗೆ ಸೂರ್ಯಕಾಂತಿ ಮತ್ತು ಚೆಂಡುಹೂವಿನ ಬೆಳೆ ಇಲ್ಲಿ ವ್ಯಾಪಕ. ಚೆಂಡುಹೂವನ್ನು ಬಣ್ಣ ತೆಗೆಯುವ ಕಾರ್ಖಾನೆಗಳಿಗಾಗಿ ಒಪ್ಪಂದದ ಮೇಲೆ ಬೆಳೆಯುವ ರೈತರು ಬಹಳ ಮಂದಿ. ಮಳೆಗಾಲದಲ್ಲಿ ಹೊಲಗಳು ಹೂವಿನಿಂದ ತುಂಬಿದಾಗ ರಸ್ತೆಬದಿಯಲ್ಲಿ ಕಾರುಗಳು ಸಾಲುಗಟ್ಟುತ್ತವೆ. ಚಿತ್ರ ತೆಗೆಸಿಕೊಳ್ಳಲು ಹೊಲದೊಳಗೆ ಇಳಿದವರ ಕಾಲಡಿ ಗಿಡಗಳು ಮುರಿಯುತ್ತವೆ. ಪ್ರವಾಸಿಗೆ ಅದು ಹಿನ್ನೆಲೆಯ ಚಿತ್ರ. ರೈತನಿಗೆ ಅದು ವರ್ಷದ ದುಡಿಮೆ. ಬಸ್ಸಿನಲ್ಲಿ ಹೋಗುವವರು ಈ ಹೊಲಗಳನ್ನು ಕಿಟಕಿಯಿಂದಲೇ ನೋಡಿ ಮುಂದೆ ಸಾಗುತ್ತಾರೆ. ಹೊಲಕ್ಕೂ ಅದರಿಂದ ಕ್ಷೇಮ.

ಬೆಟ್ಟದ ಅಡಿಯಲ್ಲಿ ಅರಣ್ಯ ಇಲಾಖೆಯ ತಪಾಸಣಾ ಗೇಟು. ಹಿಂದೆ ಖಾಸಗಿ ವಾಹನಗಳು ಶಿಖರದವರೆಗೂ ಹೋಗುತ್ತಿದ್ದವು. ಈಗ ಅವುಗಳನ್ನು ಇಲ್ಲಿಯೇ ನಿಲ್ಲಿಸಿ, ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲಕ್ಕೆ ಹೋಗಬೇಕು. ಬೆಲೆಬಾಳುವ ಕಾರಿನಲ್ಲಿ ಬಂದವರೂ ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಬಂದವರೂ ಇಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಬೆಳಗ್ಗೆಯಿಂದ ಸಂಜೆ ನಾಲ್ಕರ ಸುಮಾರಿನವರೆಗೆ ಮಾತ್ರ ಮೇಲಕ್ಕೆ ಪ್ರವೇಶ. ಹುಲಿ ಸಂರಕ್ಷಿತ ಪ್ರದೇಶವಾದುದರಿಂದ ನಡೆದು ಹತ್ತಲು ಅವಕಾಶವಿಲ್ಲ, ಮೇಲೆ ಉಳಿದುಕೊಳ್ಳುವಂತಿಲ್ಲ, ಗುಡಿಯ ಆವರಣ ಬಿಟ್ಟು ಹುಲ್ಲುಗಾವಲಿಗೆ ಇಳಿಯುವಂತಿಲ್ಲ. ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಹೊಸಬರು ಮಧ್ಯಾಹ್ನಕ್ಕೆ ಮುಂಚೆ ಗೇಟನ್ನು ತಲುಪುವಂತೆ ಹೊರಡಬೇಕು. ಒಂದು ಬೆಚ್ಚನೆಯ ಬಟ್ಟೆ, ಲೋಹದ ನೀರಿನ ಬಾಟಲಿ, ಚಿಲ್ಲರೆ ಹಣ ಇವಿಷ್ಟು ಸಾಕು.

ಶಿಖರದ ಮೇಲೆ

ಬಸ್ಸು ತಿರುವುಗಳನ್ನು ಹತ್ತುತ್ತಾ ಹೋದಂತೆ ಕುರುಚಲು ಕಾಡು ಹಿಂದೆ ಸರಿದು ಹುಲ್ಲಿನ ಬೆಟ್ಟಗಳು ತೆರೆದುಕೊಳ್ಳುತ್ತವೆ. ಕಣಿವೆಯ ಮಡಿಲುಗಳಲ್ಲಿ ಮಾತ್ರ ದಟ್ಟ ಹಸುರಿನ ಶೋಲಾ ತುಣುಕುಗಳು. ದೂರದ ಇಳಿಜಾರಿನಲ್ಲಿ ಆನೆಗಳು ಮೇಯುವುದು ಅದೃಷ್ಟವಿದ್ದರೆ ಕಾಣುತ್ತದೆ. ಶಿಖರದಲ್ಲಿ ಇಳಿದು ಮೆಟ್ಟಿಲು ಹತ್ತಿದರೆ ಗುಡಿ. ಮಂಜು ಕವಿದ ದಿನ ಹತ್ತು ಮಾರು ದೂರದ ವಸ್ತುವೂ ಕಾಣುವುದಿಲ್ಲ. ಬೆಟ್ಟದ ಹಂಸತೀರ್ಥದಲ್ಲಿ ಮಿಂದ ಕಾಗೆ ಹಂಸವಾಯಿತೆಂದೂ, ಅಂದಿನಿಂದ ಇಲ್ಲಿ ಕಾಗೆಗಳಿಲ್ಲವೆಂದೂ ಹಿರಿಯರು ಕಥೆ ಹೇಳುತ್ತಾರೆ. ಜನ ತಿಂದು ಬಿಸಾಡಿದ್ದು ಹೆಚ್ಚಾದಲ್ಲಿ ಕಾಗೆಗಳು ಸೇರುವುದು ಎಲ್ಲರಿಗೂ ತಿಳಿದ ಸಂಗತಿ. ಬೆಟ್ಟ ಚೊಕ್ಕಟವಾಗಿರುವವರೆಗೆ ಆ ಕಥೆಗೂ ಆಯುಸ್ಸು.

ಹೊಸಬರು ಈ ಹುಲ್ಲುಗಾವಲನ್ನು ಬೋಳುಗುಡ್ಡವೆಂದು ಭಾವಿಸುವುದುಂಟು. ಇಲ್ಲಿ ಮರ ನೆಟ್ಟರಾಗದೇ ಎಂದು ಕೇಳುವವರೂ ಇದ್ದಾರೆ. ವಾಸ್ತವದಲ್ಲಿ ಈ ಹುಲ್ಲು ಮತ್ತು ಶೋಲಾ ಸೇರಿ ಒಂದೇ ವ್ಯವಸ್ಥೆ. ಹುಲ್ಲಿನ ದಟ್ಟವಾದ ನಾರುಬೇರುಗಳು ತೆಳುವಾದ ಮೇಲ್ಮಣ್ಣನ್ನು ಹಿಡಿದಿಡುತ್ತವೆ. ಮಳೆ ಮತ್ತು ಮಂಜಿನ ನೀರನ್ನು ನಿಧಾನವಾಗಿ ಕೆಳಕ್ಕೆ ಇಳಿಸುತ್ತವೆ. ಕಣಿವೆಯ ಶೋಲಾ ಅದನ್ನು ತೊರೆಯಾಗಿ ಹೊರಬಿಡುತ್ತದೆ. ಕೆಳಗಿನ ಮಳೆನೆರಳಿನ ಊರುಗಳಿಗೆ ಇಂಥ ಬೆಟ್ಟಗಳೇ ನೀರಿನ ಉಗ್ರಾಣ. ವಾಹನದ ಚಕ್ರ ಹುಲ್ಲಿನ ಮೇಲೆ ಹತ್ತಿದರೆ ಮಣ್ಣು ಗಟ್ಟಿಯಾಗುತ್ತದೆ, ನೀರು ಇಂಗದೆ ಹರಿಯುತ್ತದೆ, ಗಾಲಿಯ ಜಾಡು ಎರಡು ಮಳೆಗಾಲದಲ್ಲಿ ಕೊರಕಲಾಗುತ್ತದೆ. ಟೈರಿಗಂಟಿದ ಮಣ್ಣಿನೊಡನೆ ಪಾರ್ಥೇನಿಯಂನಂತಹ ಕಳೆಗಳ ಬೀಜವೂ ಬರುತ್ತದೆ. ಬಂಡೀಪುರದ ಕಾಡು ಈಗಾಗಲೇ ಲಂಟಾನದಿಂದ ನಲುಗಿದೆ.

ಬೆಂಕಿಯ ಭಯ ಇದಕ್ಕಿಂತ ದೊಡ್ಡದು. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಹಬ್ಬಿದ ಕಾಡ್ಗಿಚ್ಚಿಗೆ ಸಾವಿರಾರು ಹೆಕ್ಟೇರ್ ಅರಣ್ಯ ಆಹುತಿಯಾಯಿತು. ಗೋಪಾಲಸ್ವಾಮಿ ಬೆಟ್ಟದ ಇಳಿಜಾರುಗಳೂ ಸುಟ್ಟವು. ಬೆಂಕಿ ನಂದಿಸಲು ವಾಯುಪಡೆಯ ಹೆಲಿಕಾಪ್ಟರುಗಳು ಬರಬೇಕಾಯಿತು. ಬೇಸಿಗೆಯಲ್ಲಿ ಒಣಗಿದ ಹುಲ್ಲಿಗೆ ಒಂದು ಬೀಡಿಯ ತುಂಡು ಸಾಕು. ಬಸ್ಸೊಂದರಲ್ಲಿ ಐವತ್ತು ಜನ ಹೋದರೆ ಅವರ ಮೇಲೆ ಕಣ್ಣಿಡಲು ಚಾಲಕ, ನಿರ್ವಾಹಕರಿದ್ದಾರೆ. ನಿಲ್ಲುವ ಜಾಗ ಎರಡೇ. ಅದೇ ಐವತ್ತು ಜನ ಹನ್ನೆರಡು ಹದಿಮೂರು ಕಾರುಗಳಲ್ಲಿ ಹೋದರೆ ಪ್ರತಿ ತಿರುವೂ ನಿಲ್ಲುವ ಜಾಗವಾಗುತ್ತದೆ. ಇಲ್ಲಿ ಬಸ್ಸಿನ ಲಾಭ ಹೊಗೆ ಕಡಿಮೆಯಾಗುವುದು ಮಾತ್ರವಲ್ಲ. ಜನ ಎಲ್ಲೆಲ್ಲಿ ಕಾಲಿಡುತ್ತಾರೆ ಎಂಬುದು ನಿಯಂತ್ರಣದಲ್ಲಿರುವುದೇ ಮುಖ್ಯ ಲಾಭ.

ಬಸ್ಸು ಸೋತರೆ ಬೆಟ್ಟ ಸೋತಂತೆ

ಈ ವ್ಯವಸ್ಥೆ ದೋಷರಹಿತವೆಂದು ಹೇಳಲಾಗದು. ರಜಾದಿನಗಳಲ್ಲಿ ಗೇಟಿನ ಬಳಿ ಸಾಲು ಉದ್ದವಾಗುತ್ತದೆ. ಎಳೆ ಮಕ್ಕಳ ತಾಯಂದಿರು, ಮೊಣಕಾಲು ನೋವಿನ ವೃದ್ಧರು ಬಿಸಿಲಿನಲ್ಲಿ ಕಾಯುತ್ತಾರೆ. ಹೊಸಬರ ಕಷ್ಟ ಇನ್ನೂ ಹೆಚ್ಚು. ಕಾರಿನಲ್ಲಿ ಬಂದವರಿಗೆ ಗೇಟಿನವರೆಗೆ ತೊಂದರೆಯಿಲ್ಲ. ಸ್ವಂತ ವಾಹನವಿಲ್ಲದವರಿಗೆ ಹಂಗಳದಿಂದ ಗೇಟಿನವರೆಗಿನ ದಾರಿಯೇ ಕಗ್ಗಂಟು. ಸಂಜೆ ಬೆಟ್ಟದಿಂದ ಇಳಿದವರಿಗೆ ಮುಂದಿನ ಬಸ್ಸು ಯಾವಾಗ ಎಂದು ತಿಳಿಯದಿದ್ದರೆ, ಕತ್ತಲಾದಂತೆ ಆನೆ ತಿರುಗುವ ಸೀಮೆಯಲ್ಲಿ ಅವರು ಅತಂತ್ರರಾಗುತ್ತಾರೆ. ಹೀಗೆ, ಕಾರುಗಳನ್ನು ತಡೆದು ಬೆಟ್ಟವನ್ನು ಉಳಿಸಿದ ವ್ಯವಸ್ಥೆಯೇ ಕಾರಿಲ್ಲದವರಿಗೆ ಕಠಿಣವಾಗಿಬಿಟ್ಟರೆ ಅದು ನ್ಯಾಯವಲ್ಲ.

ಈ ಕಷ್ಟವನ್ನು ಅಲಕ್ಷಿಸುವುದು ಅಪಾಯಕಾರಿ. ಸಾಲಿನಲ್ಲಿ ನಿಂತು ಬೇಸತ್ತವರ ದೂರನ್ನು ಮುಂದಿಟ್ಟುಕೊಂಡು, ಗೇಟನ್ನು ತೆರೆಯಿರಿ, ರಸ್ತೆಯನ್ನು ಅಗಲಿಸಿರಿ ಎನ್ನುವವರು ಬಂದೇ ಬರುತ್ತಾರೆ. ಬಂಡೀಪುರದ ಇತಿಹಾಸವೇ ಇದಕ್ಕೆ ಸಾಕ್ಷಿ. 2009ರಲ್ಲಿ ಜಿಲ್ಲಾಡಳಿತ ಬಂಡೀಪುರದ ಎರಡೂ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರವನ್ನು ನಿಷೇಧಿಸಿತು. 2010ರಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಗೊತ್ತುಪಡಿಸಿದ ಕೆಲವು ಸರ್ಕಾರಿ ಬಸ್ಸುಗಳಿಗೂ ತುರ್ತು ವಾಹನಗಳಿಗೂ ವಿನಾಯಿತಿ ನೀಡಿದ್ದರಿಂದ ಜನರ ಅಗತ್ಯಕ್ಕೆ ಒಂದು ದಾರಿ ಉಳಿಯಿತು. ಆದರೂ ನಿಷೇಧವನ್ನು ತೆಗೆಯಬೇಕೆಂಬ ಒತ್ತಾಯ ಅಂದಿನಿಂದ ನಿಂತಿಲ್ಲ. ಜನರಿಗೆ ಬದಲಿ ದಾರಿ ಒದಗಿಸಿದ ನಿರ್ಬಂಧಕ್ಕೆ ನಿಲ್ಲುವ ಶಕ್ತಿ ಇರುತ್ತದೆ. ಒದಗಿಸದ ನಿರ್ಬಂಧ ಮೊದಲ ಒತ್ತಡಕ್ಕೇ ಮುರಿಯುತ್ತದೆ.

ಆದ್ದರಿಂದ ಆಗಬೇಕಾದ ಕೆಲಸಗಳು ದೊಡ್ಡವಲ್ಲ, ಆದರೆ ತುರ್ತಿನವು. ಗುಂಡ್ಲುಪೇಟೆಯಿಂದ ಬೆಟ್ಟದ ಗೇಟಿನವರೆಗೆ ನಿಗದಿತ ವೇಳೆಯ ಬಸ್ಸುಗಳು ಬೇಕು. ಅವುಗಳ ವೇಳಾಪಟ್ಟಿ ಗುಂಡ್ಲುಪೇಟೆ, ಹಂಗಳ ಮತ್ತು ಗೇಟಿನಲ್ಲಿ ಕನ್ನಡದಲ್ಲಿಯೂ, ನೆರೆಯ ಯಾತ್ರಿಕರಿಗಾಗಿ ತಮಿಳು, ಮಲಯಾಳಂಗಳಲ್ಲಿಯೂ ಬರೆದಿರಬೇಕು. ಮೇಲಿನಿಂದ ಇಳಿಯುವ ಕೊನೆಯ ಬಸ್ಸಿಗೆ ಹೊಂದಿಕೊಂಡು ಗುಂಡ್ಲುಪೇಟೆಗೆ ಹೊರಡುವ ಬಸ್ಸೊಂದು ಕಾದಿರಬೇಕು. ಗೇಟಿನ ಬಳಿ ನೆರಳು, ಶೌಚಾಲಯ, ಕುಡಿಯುವ ನೀರು ಇರಬೇಕು. ಕೆಳಗೆ ನೀರು ಸಿಕ್ಕರೆ ಮೇಲಕ್ಕೆ ಪ್ಲಾಸ್ಟಿಕ್ ಬಾಟಲಿ ಹೋಗದು. ಅಲ್ಲಿನ ಅಂಗಡಿ, ವಾಹನ ನಿಲುಗಡೆಯ ಕೆಲಸ ಸುತ್ತಲಿನ ಹಳ್ಳಿಗಳವರಿಗೆ ಸಿಗಬೇಕು. ಆನೆ, ಹಂದಿಗಳಿಂದ ಬೆಳೆ ಕಳೆದುಕೊಳ್ಳುವವರು ಅವರು. ಕಾಡಿನಿಂದ ಬರುವ ಆದಾಯದಲ್ಲಿ ಮೊದಲ ಪಾಲು ಅವರದೇ ಆಗಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಬಸ್ಸುಗಳಿಗೂ ಒಂದು ಮಿತಿ ಇರಬೇಕು. ಸಾಲು ಕರಗಿಸಲು ಬಸ್ಸಿನ ಮೇಲೆ ಬಸ್ಸು ಬಿಟ್ಟರೆ, ಕಾರುಗಳು ಮಾಡುತ್ತಿದ್ದ ಹಾನಿಯನ್ನೇ ಬಸ್ಸುಗಳು ಮಾಡುತ್ತವೆ. ಒಂದು ಶಿಖರ ಒಂದು ದಿನಕ್ಕೆ ಎಷ್ಟು ಜನರನ್ನು ಹೊರಬಲ್ಲದು ಎಂಬುದನ್ನು ಲೆಕ್ಕ ಹಾಕಿ, ಅಷ್ಟೇ ಬಸ್ಸುಗಳನ್ನು ಓಡಿಸಬೇಕು. ಬಸ್ಸಿನ ಆಸನಗಳನ್ನು ಎಣಿಸಬಹುದು. ಆದ್ದರಿಂದಲೇ ಬಸ್ಸು ಒಳ್ಳೆಯ ಅಳತೆಗೋಲು.

ಉಳಿದ ಬೆಟ್ಟಗಳಿಗೆ ಪಾಠ

ಈ ಪ್ರಶ್ನೆ ಒಂದು ಬೆಟ್ಟದ್ದಲ್ಲ. ಊಟಿ ಮತ್ತು ಕೊಡೈಕನಾಲ್‌ಗೆ ಹೋಗುವ ವಾಹನಗಳಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಲ್ಲಿ ಇ-ಪಾಸ್ ಜಾರಿಗೆ ಬಂದಿತು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ದಾರಿಯಲ್ಲಿ ವಾಹನದಟ್ಟಣೆ ಮಿತಿಮೀರಿ, 2025ರಲ್ಲಿ ಅಲ್ಲಿಯೂ ಮುಂಗಡ ನೋಂದಣಿಯ ವ್ಯವಸ್ಥೆ ಬಂದಿತು. ಇವೆಲ್ಲ ವಾಹನಗಳನ್ನು ಎಣಿಸುವ ಕ್ರಮಗಳು. ಗೋಪಾಲಸ್ವಾಮಿ ಬೆಟ್ಟ ಒಂದು ಹೆಜ್ಜೆ ಮುಂದೆ ಹೋಗಿ ವಾಹನವನ್ನೇ ಕೆಳಗೆ ನಿಲ್ಲಿಸಿದೆ, ಮನುಷ್ಯರನ್ನು ಮಾತ್ರ ಮೇಲಕ್ಕೆ ಕರೆದಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾದ ಮೇಲೆ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರ ಸಂಚಾರ ಬಹಳವಾಗಿ ಹೆಚ್ಚಿದೆ. ಬಸ್ಸಿನಲ್ಲಿ ಯಾತ್ರೆ ಹೊರಡುವ ಜನ ಈಗ ಇದ್ದಾರೆ. ಅವರನ್ನು ಬೆಟ್ಟದ ಬುಡದವರೆಗೆ ಗೌರವದಿಂದ ತಲುಪಿಸುವ ಏರ್ಪಾಡು ಮಾತ್ರ ಬಾಕಿ.

ಮಲೆನಾಡಿನ ಊರುಗಳಲ್ಲಿ ಬೆಟ್ಟದ ದೇವರಿಗೆ ಹೊರಟವರು ಹಿಂದೆ ಬುಡದಲ್ಲಿಯೇ ಗಾಡಿ ಬಿಟ್ಟು, ಎತ್ತುಗಳನ್ನು ಕಟ್ಟಿ ಮೇಲೇರುತ್ತಿದ್ದರು. ಗಾಡಿಯನ್ನು ಗುಡಿಯ ಬಾಗಿಲಿಗೆ ಒಯ್ಯಬೇಕೆಂದು ಯಾರಿಗೂ ಅನಿಸಿರಲಿಲ್ಲ. ಆ ಮರ್ಯಾದೆಯನ್ನು ಇಂದಿನ ಕಾಲಕ್ಕೆ ಹೊಂದಿಸಿದರೆ ಅದು ಬೆಟ್ಟದ ಬಸ್ಸು. ಮುಂದಿನ ಸಲ ಗೋಪಾಲಸ್ವಾಮಿಯ ದರ್ಶನಕ್ಕೆ ಹೊರಡುವವರು ಕಾರನ್ನು ಗೇಟಿನಲ್ಲಲ್ಲ, ಮನೆಯಲ್ಲಿಯೇ ಬಿಟ್ಟು ಹೊರಡಲಿ. ಗುಂಡ್ಲುಪೇಟೆಯ ನಿಲ್ದಾಣದಲ್ಲಿ ಬೆಟ್ಟದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಲಿ. ಕೇಳುವವರು ಹೆಚ್ಚಾದರೆ ಬಸ್ಸು ಬರುತ್ತದೆ. ಬಸ್ಸು ನಿಂತರೆ ಗೇಟೂ ನಿಲ್ಲುತ್ತದೆ, ಹುಲ್ಲೂ ನಿಲ್ಲುತ್ತದೆ.