ಒಬ್ಬರೇ ಕೂರಬಾರದು

ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಜನರನ್ನು ತುಂಬಿಕೊಂಡು ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗುತ್ತದೆ. ಹಾಗೆ ಹೋದವರು ಮನೆ ಸೇರುವುದು ಕತ್ತಲಾದ ಮೇಲೆ. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಎಷ್ಟೋ ಮನೆಗಳ ದಿನಚರಿ ಇದೇ. ಹಗಲು ಹೊತ್ತು ಗಣಿ ಕಾಲದ ಲೈನ್ ಮನೆಗಳಲ್ಲಿ ಉಳಿಯುವವರು ಮುದುಕರು, ಚಿಕ್ಕಮಕ್ಕಳು. ಯಾರಾದರೂ ಹಾಸಿಗೆ ಹಿಡಿದಿದ್ದರೆ ಅವರ ಪಕ್ಕದಲ್ಲಿ ಒಬ್ಬ ಹೆಂಗಸು. ಹೆಂಡತಿಯೋ ಸೊಸೆಯೋ ಮಗಳೋ. ನಾನು ಇವತ್ತು ಹೇಳಬೇಕೆಂದಿರುವುದು ಹಾಸಿಗೆ ಹಿಡಿದವರಿಗಿಂತ ಹೆಚ್ಚಾಗಿ ಆ ಹೆಂಗಸಿನ ವಿಚಾರ.

ಗಣಿ ಹೋದರೂ ಅದು ಕೊಟ್ಟ ಕಾಯಿಲೆ ಹೋಗಿಲ್ಲ. ಬಂಡೆ ಕೊರೆಯುವಾಗ ಏಳುವ ಸಿಲಿಕಾ ದೂಳು ಕಣ್ಣಿಗೆ ಕಾಣದಷ್ಟು ಸಣ್ಣದು. ಉಸಿರಿನ ಜೊತೆ ಒಳಗೆ ಹೋಗಿ ಶ್ವಾಸಕೋಶದಲ್ಲಿ ಗಂಟು ಕಟ್ಟುತ್ತದೆ. ಕೆಲಸ ಬಿಟ್ಟು ಎಷ್ಟೋ ವರ್ಷವಾದ ಮೇಲೂ ಆ ಗಂಟು ಬೆಳೆಯಬಲ್ಲದು. ಅದನ್ನು ಕರಗಿಸುವ ಔಷಧಿ ಇಲ್ಲ. ಕ್ಷಯ ಬೇರೆ ಸುಲಭವಾಗಿ ಅಂಟಿಕೊಳ್ಳುತ್ತದೆ. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು; ಭಾರತದಲ್ಲಿ ಅದು ಮೊದಲು ವರದಿಯಾದದ್ದು ಇದೇ ಕೋಲಾರದ ಗಣಿಗಳಿಂದ. ದೇಶಕ್ಕೆ ಚಿನ್ನ ಕೊಟ್ಟ ಊರು ಎಂದು ಹೊಗಳುವವರು ಈ ಮಾತನ್ನೂ ಜೊತೆಗೆ ಹೇಳಿದರೆ ಚೆನ್ನ.

ಕಾಯಿಲೆ ಬಲಿತವರಿಗೆ ಅಂಗಾತ ಮಲಗಲು ಆಗುವುದಿಲ್ಲ. ಮುಂದೆ ದಿಂಬಿಟ್ಟು ಅದರ ಮೇಲೆ ಬಾಗಿ ಕೂರಿಸಬೇಕು. ಮುಖಕ್ಕೆ ಬೀಸಣಿಗೆಯ ಗಾಳಿ ಬಿದ್ದರೂ ಉಬ್ಬಸ ಸ್ವಲ್ಪ ಹಗುರಾಗುತ್ತದೆ. ಇದು ಅಜ್ಜಿಯರ ಮಾತು ಮಾತ್ರವಲ್ಲ, ಉಪಶಮನ ಚಿಕಿತ್ಸೆಯ ವೈದ್ಯರೂ ಹೇಳುತ್ತಾರೆ. ಪೂರಾ ನಿತ್ರಾಣವಾದವರನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಬಾಯಿ ಒಣಗಿದರೆ ಹತ್ತಿ ಅದ್ದಿ ಒರೆಸಬೇಕು. ರಾತ್ರಿಯೆಲ್ಲ ಎರಡು ಗಂಟೆಗೊಮ್ಮೆ ಏಳುವುದೆಂದರೆ ಏನೆಂದು ಒಂದು ವಾರ ಮಾಡಿ ನೋಡಿದವರಿಗೆ ಗೊತ್ತು.

ಇಲ್ಲಿ ನನಗೆ ನೆನಪಾಗುವುದು ಒಂದು ಹಳೆಯ ಜೈನ ಗ್ರಂಥ. ನಮ್ಮ ವಡ್ಡಾರಾಧನೆಯ ಕಥೆಗಳಿಗೆ ಹಿನ್ನೆಲೆಯಾದ ‘ಭಗವತೀ ಆರಾಧನಾ’, ಶಿವಾರ್ಯ ಪ್ರಾಕೃತದಲ್ಲಿ ಬರೆದದ್ದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳಲ್ಲಿ ಕಾಣುವ ಸಲ್ಲೇಖನದ, ಅಂದರೆ ಆಹಾರ ಬಿಡುತ್ತ ಸಾವನ್ನು ಎದುರುಗೊಳ್ಳುವ ವ್ರತದ, ವಿಧಾನವನ್ನು ಅದು ಹೇಳುತ್ತದೆ. ಆ ವ್ರತ ಸರಿಯೇ ತಪ್ಪೇ ಎಂಬ ವಾದ ಇಲ್ಲಿ ಬೇಡ. ಸಾಯುತ್ತಿರುವ ಮುನಿಯ ಆರೈಕೆಗೆ ಅದು ಮಾಡುವ ಏರ್ಪಾಡನ್ನು ಮಾತ್ರ ನೋಡೋಣ. ನಲವತ್ತೆಂಟು ಮಂದಿ! ಅವರಿಗೆ ನಿರ್ಯಾಪಕರು ಎಂದು ಹೆಸರು. ನಾಲ್ಕು ನಾಲ್ಕು ಜನರಂತೆ ಕೆಲಸ ಹಂಚಿಕೊಳ್ಳುತ್ತಾರೆ. ಮೈ ಒತ್ತಿ ಮಗ್ಗುಲು ತಿರುಗಿಸಲು ನಾಲ್ವರು, ಧರ್ಮಕಥೆ ಹೇಳಲು ನಾಲ್ವರು, ಮಲಮೂತ್ರ ತೆಗೆಯಲು ನಾಲ್ವರು, ರಾತ್ರಿ ಎಚ್ಚರವಿರಲು ನಾಲ್ವರು. ಕಥೆ ಹೇಳುವವನೂ ಮುನಿಯೇ, ಮಲ ಎತ್ತುವವನೂ ಮುನಿಯೇ.

ಅಷ್ಟು ಜನ ಸಿಗದ ಕಾಲಕ್ಕೆ ಗ್ರಂಥ ಸಂಖ್ಯೆಯನ್ನು ಇಳಿಸುತ್ತ ಬರುತ್ತದೆ. ಆದರೆ ಎರಡಕ್ಕೆ ಬಂದು ನಿಂತುಬಿಡುತ್ತದೆ. ಒಬ್ಬನೇ ನಿರ್ಯಾಪಕ ಕೂಡದು. ಕಾರಣವನ್ನೂ ಕೊಡುತ್ತದೆ: ಒಬ್ಬನೇ ಇದ್ದರೆ ಅವನು ತನ್ನನ್ನೂ ಕೈಬಿಟ್ಟಂತೆ, ರೋಗಿಯನ್ನೂ ಕೈಬಿಟ್ಟಂತೆ. ಅವನು ಊಟಕ್ಕೆ ಎದ್ದುಹೋದರೆ ರೋಗಿ ಒಂಟಿ. ಏಳದೆ ಕೂತರೆ ಅವನೇ ಕುಸಿಯುತ್ತಾನೆ.

ಎಲ್ಲವನ್ನೂ ತೊರೆದ ಮುನಿಗಳಿಗೇ ಒಬ್ಬರಿಂದ ಆಗದು ಎಂದಮೇಲೆ, ಬೆಳಿಗ್ಗೆ ನಲ್ಲಿ ನೀರು ಹಿಡಿದು, ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಮಾವನ ಬಟ್ಟೆ ಒಗೆದು, ಗಂಜಿ ಕುಡಿಸುವ ಸೊಸೆ ಒಬ್ಬಳಿಂದ ಆಗಬೇಕೆಂದು ನಾವು ಯಾವ ಬಾಯಲ್ಲಿ ಹೇಳುತ್ತೇವೆ? ಅವಳು ಒಮ್ಮೆ ಸಿಡುಕಿದರೆ ಊರೆಲ್ಲ ಮಾತಾಡುತ್ತದೆ. ಸಿಡುಕದಿದ್ದರೆ ‘ದೇವತೆ’ ಎನ್ನುತ್ತೇವೆ. ಆ ಹೊಗಳಿಕೆಯೂ ನಾವು ಕೂರದೆ ತಪ್ಪಿಸಿಕೊಳ್ಳುವ ಒಂದು ದಾರಿ ಎಂದೇ ನನಗೆ ಅನ್ನಿಸುತ್ತದೆ.

ಸಂಸ್ಥೆಗಳು ಇಲ್ಲವೆಂದಲ್ಲ. ಬೆಂಗಳೂರಿನ ಮಾರತಹಳ್ಳಿ ಕಡೆ 1999ರಿಂದ ಇರುವ ಕರುಣಾಶ್ರಯ, ಕ್ಯಾನ್ಸರ್ ಕೊನೆಯ ಹಂತ ಮುಟ್ಟಿದವರನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತದೆ. ಆದರೆ ಉಸಿರಿಗಾಗಿ ಒದ್ದಾಡುವ ಮುದುಕನನ್ನು ಎಲ್ಲರೂ ಎಲ್ಲಿಗೋ ಸಾಗಿಸಲಾರರು. ಅವನಿಗೆ ಬೇಕಾದ್ದು ಬೀದಿಯೊಳಗೇ ಸಿಗಬೇಕು. ಕೆ.ಜಿ.ಎಫ್.ಗೆ ಅದು ಅಸಾಧ್ಯವಲ್ಲ. ಗಣಿ ಮುಚ್ಚಿದ ಮೇಲೆ ಪಾಳುಬಿದ್ದಿದ್ದ ಗಣಿ ಕಂಪನಿಯ ಬಿ.ಜಿ.ಎಂ.ಎಲ್. ಆಸ್ಪತ್ರೆಯನ್ನು 2021ರ ಕೋವಿಡ್ ಸಮಯದಲ್ಲಿ ಸ್ವಯಂಸೇವಕರು ಗುಡಿಸಿ ತೊಳೆದು ಮತ್ತೆ ರೋಗಿಗಳಿಗೆ ಸಜ್ಜು ಮಾಡಿದರು. ಅಷ್ಟು ದೊಡ್ಡ ಕಟ್ಟಡಕ್ಕೆ ಸಿಕ್ಕ ಕೈಗಳು ಒಂದು ಹಾಸಿಗೆಯ ಪಕ್ಕಕ್ಕೂ ಸಿಗಬಲ್ಲವು.

ಆ ಮುನಿಗಳು ಹೇಳುತ್ತಿದ್ದಂಥ ಧರ್ಮದ ಮಾತು? ಅದೂ ಬೇಕು, ಆದರೆ ರೋಗಿ ಕೇಳಿದ ಮೇಲೆ, ಅವನ ಭಾಷೆಯಲ್ಲಿ. ತಮಿಳು, ತೆಲುಗು, ಕನ್ನಡ, ಉರ್ದು ಒಂದೇ ಸಾಲಿನಲ್ಲಿ ಕೇಳುವ ಊರು ಇದು. ಜೀವನವಿಡೀ ಮೂರು ಭಾಷೆ ಆಡಿದವರೂ ನಿತ್ರಾಣವಾದಾಗ ತಾಯಿ ಆಡಿದ ಭಾಷೆಗೇ ಹೊರಳುವುದುಂಟು. ಒಬ್ಬರಿಗೆ ಚರ್ಚಿನ ಫಾದರ್ ಬರಬೇಕು, ಇನ್ನೊಬ್ಬರಿಗೆ ಕಲಿಮಾ ಕಿವಿಗೆ ಬೀಳಬೇಕು, ಮತ್ತೊಬ್ಬರಿಗೆ ಮಾರಿಯಮ್ಮನ ಕುಂಕುಮ ಬೇಕು. ಮುಖವಾಡವಿಲ್ಲದೆ ‘ಭಯ ಆಗ್ತಿದೆ’ ಎಂದು ಹೇಳಿಕೊಳ್ಳಲು ಒಬ್ಬ ಹಳೆಯ ಜೊತೆಗಾರ ಬೇಕು, ಗಣಿಯಲ್ಲಿ ಒಂದೇ ಪಾಳಿಯಲ್ಲಿ ಇಳಿದವನು. ‘ಏನೂ ಆಗಲ್ಲ, ಸರಿಹೋಗ್ತೀರ’ ಎಂಬ ಸುಳ್ಳನ್ನು ಅಂಥವನು ಹೇಳುವುದಿಲ್ಲ.

ನೋಡಿಬರಲು ಹೋದವರು ಬಾಗಿಲಲ್ಲಿ ನಿಂತು ‘ಏನಾದರೂ ಬೇಕಿದ್ರೆ ಹೇಳಿ’ ಎಂದು ಬರುವುದು ವಾಡಿಕೆ. ಯಾರೂ ಏನೂ ಹೇಳುವುದಿಲ್ಲ, ಹೇಳಲು ಸಂಕೋಚ. ಅದರ ಬದಲು, ‘ಅಕ್ಕಾ, ನಾಳೆ ಎರಡು ಗಂಟೆಗೆ ಬಂದು ನಾನು ಕೂರ್ತೀನಿ, ನಾಲ್ಕರವರೆಗೆ ನೀವು ಪಕ್ಕದ ಮನೇಲಿ ಮಲಗಿ’ ಎನ್ನಬಹುದು. ಹೋಗುವ ಮೊದಲು ದಿಂಬು ಹೇಗಿಡಬೇಕು, ನೀರು ಎಷ್ಟು ಗುಟುಕು ಎಂದು ಅವಳಿಂದಲೇ ಕೇಳಿ ಕಲಿಯಿರಿ. ರೋಗಿ ಬೇಡವೆಂದರೆ ಊಟಕ್ಕೆ ಬಲವಂತ ಮಾಡಬೇಡಿ, ನೆತ್ತಿಗೆ ಹತ್ತುತ್ತದೆ. ರೈಲಿನಲ್ಲಿ ಬೆಂಗಳೂರಿಗೆ ಹೋಗುವ ಮಗನಿಗೆ ಭಾನುವಾರದ ರಾತ್ರಿ ಪಾಳಿ ವಹಿಸಿ. ಅವನೂ ಮಗ್ಗುಲು ಬದಲಿಸುವುದನ್ನು ಕಲಿಯಲಿ.