ಗಿಟಾರಿನ ನಡುವೆ ಮಾತಿಗೊಂದು ಜಾಗ

(ಕೂಟದ ಯುವ ವಿಭಾಗದ ಸಂಗೀತ ಕಮ್ಮಟದಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಹುಡುಗರು ಮನೆಯ ಬೇಸ್‌ಮೆಂಟಿನಲ್ಲಿ ಒಂದು ಕನ್ನಡ ರಾಕ್ ಹಾಡನ್ನು ಧ್ವನಿಮುದ್ರಿಸಿದ್ದಾರೆ. ಸಾಹಿತ್ಯವೂ ಅವರದೇ, ಧಾಟಿಯೂ ಅವರದೇ. ಈ ನೆಲದಲ್ಲಿ ಹುಟ್ಟಿ ಬೆಳೆದ ಮಕ್ಕಳು ಕನ್ನಡದಲ್ಲಿ ಬರೆದು ಹಾಡಿದ್ದಾರೆಂಬುದು ಸಣ್ಣ ಸಂಗತಿಯಲ್ಲ. ಆದರೆ ಅದನ್ನು ಕೇಳಿದ ಹಿರಿಯರೊಬ್ಬರು, "ಬಹಳ ಚೆನ್ನಾಗಿದೆ. ಯಾವ ಭಾಷೆ?" ಎಂದುಬಿಟ್ಟರು. ಅದಕ್ಕೆ ಮಕ್ಕಳು ಕೊಟ್ಟ ಉತ್ತರ, "ಅಂಕಲ್, ಮಾಸ್ಟರಿಂಗ್ ಆದಮೇಲೆ ಎಲ್ಲಾ ಸರಿಹೋಗುತ್ತೆ."

ಸರಿಹೋಗುವುದಿಲ್ಲ. ನನ್ನ ಇಂದಿನ ಮಾತೆಲ್ಲ ಇಷ್ಟೇ.

ಡ್ರಮ್, ಬೇಸ್, ಗಿಟಾರು, ಕಂಠ ಇವು ಬೇರೆಬೇರೆ ಟ್ರ್ಯಾಕುಗಳಾಗಿ ನಿಮ್ಮ ಕೈಯಲ್ಲಿರುವಾಗ ಮಾಡುವ ಹದಗಾರಿಕೆಯೇ ಮಿಕ್ಸಿಂಗ್. ಅವೆಲ್ಲ ಬೆರೆತು ಎಡ, ಬಲ ಎಂಬ ಎರಡೇ ಧಾರೆಗಳಾದ ಮೇಲೆ ನಡೆಯುವ ಕೊನೆಯ ತಿದ್ದುಪಡಿ ಮಾಸ್ಟರಿಂಗ್. ಚಟ್ನಿ ರುಬ್ಬಿದ ಮೇಲೆ ಹಸಿಮೆಣಸಿನಕಾಯಿಯನ್ನು ಹೆಕ್ಕಿ ತೆಗೆಯಲಾದೀತೆ? ಈಗ ಬೆರೆತ ಧ್ವನಿಯನ್ನು ಮತ್ತೆ ಬಿಡಿಸುವ ಸಾಫ್ಟ್‌ವೇರ್ ಬಂದಿದೆ ನಿಜ. ಆದರೆ ಮೂಲ ಟ್ರ್ಯಾಕು ನಿಮ್ಮಲ್ಲೇ ಇರುವಾಗ ಆ ಸರ್ಕಸ್ಸು ಯಾಕೆ?

ಬೇಸ್‌ಮೆಂಟನ್ನು ದೂರುವುದೂ ಬೇಡ. 'ಬಾಸ್ಟನ್' ತಂಡದ ಮೊದಲ ಆಲ್ಬಮ್ ಬಂದದ್ದು 1976ರಲ್ಲಿ. ಅದರ ವಾದ್ಯಭಾಗದ ಬಹುಪಾಲನ್ನು ಟಾಮ್ ಶೋಲ್ಜ್ ಎಂಬಾತ ಮೆಸಾಚುಸೆಟ್ಸ್‌ನ ವಾಟರ್‌ಟೌನ್‌ನ ತನ್ನ ಬೇಸ್‌ಮೆಂಟಿನಲ್ಲೇ ಮುದ್ರಿಸಿದ. ಆತ ಎಂಐಟಿಯಲ್ಲಿ ಓದಿ ಪೋಲರಾಯ್ಡ್ ಕಂಪನಿಯಲ್ಲಿ ಕೆಲಸಕ್ಕಿದ್ದ ಎಂಜಿನಿಯರು. (ಇಲ್ಲಿರುವ ತಂದೆತಾಯಿಗಳಿಗೆ ಈ ವಿವರ ಹಿಡಿಸೀತು.) ಆ ಹಾಡುಗಳಲ್ಲಿ ಗಿಟಾರುಗಳ ಮೇಲೆ ಗಿಟಾರುಗಳಿವೆ, ಆದರೂ ಹಾಡುಗಾರನ ದನಿ ಮುಳುಗುವುದಿಲ್ಲ.

ಈಗ ಕೆಲಸಕ್ಕೆ ಬರೋಣ. ಎಲ್ಲ ಎಫೆಕ್ಟುಗಳನ್ನೂ ತೆಗೆದುಹಾಕಿ, ಫೇಡರುಗಳಿಂದ ಮಾತ್ರ ಹದ ಮಾಡಿ, ಅದೂ ಮೆಲ್ಲನೆಯ ವಾಲ್ಯೂಮಿನಲ್ಲಿ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿಕೊಟ್ಟ ಹಾಗೆ, ಸದ್ದು ತಗ್ಗಿದಾಗ ನಮ್ಮ ಕಿವಿ ತಗ್ಗಿನ ಸ್ವರಗಳನ್ನು ಹೆಚ್ಚು ಕಳೆದುಕೊಳ್ಳುತ್ತದೆ. ಸದ್ದು ಜೋರಾದಾಗ ಎಲ್ಲವೂ ತುಂಬಿಕೊಂಡ ಹಾಗೆ ಕೇಳುತ್ತದೆ. ಜೋರಾಗಿ ಕೇಳಿದರೆ ಕೆಟ್ಟ ಮಿಕ್ಸೂ ಚೆನ್ನಾಗಿಯೇ ಇರುತ್ತದೆ! ಪಕ್ಕದವರ ಮಾತು ಕೇಳಿಸುವಷ್ಟು ಮೆಲ್ಲಗೆ ಹಾಕಿದಾಗಲೂ ಪದಗಳು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಇನ್ನು ಜಾಗದ ಪ್ರಶ್ನೆ. ಗಿಟಾರಿನ ದಪ್ಪ ತಂತಿಯ ಸ್ವರ ಸುಮಾರು 82 ಹರ್ಟ್ಸ್, ಬೇಸ್ ಗಿಟಾರಿನದು 41. ಗಿಟಾರಿನ ಟ್ರ್ಯಾಕಿನಲ್ಲಿ 80ರ ಕೆಳಗಿರುವುದು ಹೆಚ್ಚಾಗಿ ನೆಲದ ಅದುರು, ಕಾಲಿನ ಸಪ್ಪಳ. ಅದನ್ನು ಕತ್ತರಿಸಿ ಬೇಸಿಗೂ ಕಿಕ್ ಡ್ರಮ್ಮಿಗೂ ಬಿಟ್ಟುಕೊಡಿ. ಗಿಟಾರುಗಳನ್ನು ಹೇರಿದಷ್ಟೂ 200ರಿಂದ 400 ಹರ್ಟ್ಸ್ ನಡುವೆ ಕೆಸರು ತುಂಬುತ್ತದೆ. ಅಲ್ಲಿ ಸ್ವಲ್ಪ ಇಳಿಸಿದರೆ ಗಿಟಾರು ಒಂಟಿಯಾಗಿ ತೆಳುವೆನಿಸಬಹುದು. ಹೆದರಬೇಡಿ, ಕೇಳುವವರಾರೂ ಅದನ್ನು ಒಂಟಿಯಾಗಿ ಕೇಳುವುದಿಲ್ಲ. 'ಗುಂಯ್' ಎನ್ನುವ ವಿದ್ಯುತ್ತಿನ ಸದ್ದು ಅಮೆರಿಕದಲ್ಲಿ 60 ಹರ್ಟ್ಸ್. ಮೈಸೂರಿನ ಗೆಳೆಯ ನುಡಿಸಿ ಕಳಿಸಿದ ಟ್ರ್ಯಾಕಾದರೆ 50ರಲ್ಲಿ ಹುಡುಕಿ!

ಮುಖ್ಯವಾದದ್ದು ಇದಕ್ಕಿಂತ ಮೇಲಿದೆ. ಕನ್ನಡದಲ್ಲಿ 'ಹಾಲು' ಬೇರೆ, 'ಹಾಳು' ಬೇರೆ. 'ಬೆಲೆ' ಬೇರೆ, 'ಬೆಳೆ' ಬೇರೆ. ಇಂಥ ವ್ಯತ್ಯಾಸಗಳನ್ನು ಕಿವಿಗೆ ತಲುಪಿಸುವ ಸೂಕ್ಷ್ಮ ಧ್ವನಿಗಳು ಬಹುಮಟ್ಟಿಗೆ 2,000ದಿಂದ 4,000 ಹರ್ಟ್ಸ್ ಆಸುಪಾಸಿನಲ್ಲಿರುತ್ತವೆ. ಡಿಸ್ಟಾರ್ಶನ್ ಹಾಕಿದ ಗಿಟಾರಿನ ಕಚ್ಚುವ ಗುಣ ಇರುವುದೂ ಅಲ್ಲಿಯೇ. ಜಗಳವಿರುವುದು ಇಲ್ಲಿ. ಕಂಠವನ್ನು ಏರಿಸಿದರೆ ಗಿಟಾರು ಸೊರಗಿತೆಂದು ಒಬ್ಬ ಮುನಿಸಿಕೊಳ್ಳುತ್ತಾನೆ, ಗಿಟಾರನ್ನು ಏರಿಸಿದರೆ ಇನ್ನೊಬ್ಬ. ಏನನ್ನೂ ಏರಿಸಬೇಡಿ. ಹಾಡು ನಡೆಯುವಾಗ ಗಿಟಾರಿನ ಆ ಭಾಗವನ್ನು 2-3 ಡೆಸಿಬೆಲ್ ತಗ್ಗಿಸಿ, ಹಾಡು ನಿಂತಾಗ ಮತ್ತೆ ಬಿಟ್ಟುಬಿಡಿ. ನಮ್ಮ ಕಚೇರಿಗಳಲ್ಲಿ ಒಳ್ಳೆಯ ಮೃದಂಗದವರು ಮಾಡುವುದು ಇದನ್ನೇ ಅಲ್ಲವೆ?

ಲಯಗಿಟಾರನ್ನು ಎರಡು ಸಲ ನುಡಿಸಿ, ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಇಡಿ. ಒಂದೇ ಟ್ರ್ಯಾಕನ್ನು ನಕಲು ಮಾಡಿ ಎರಡು ಕಡೆ ಇಟ್ಟರೆ ಅಗಲ ಬರುವುದಿಲ್ಲ, ನಡುವೆಯೇ ಜೋರಾಗುತ್ತದೆ. ನಡುಮನೆ ಕಂಠಕ್ಕೆ, ಬೇಸಿಗೆ, ಕಿಕ್ಕಿಗೆ, ಸ್ನೇರಿಗೆ ಮೀಸಲು. ಆಮೇಲೆ ಎಡಬಲ ಸೇರಿಸಿ ಮೋನೋದಲ್ಲಿ ಒಮ್ಮೆ ಕೇಳಿ. ಎರಡು ಮೈಕಿನಲ್ಲಿ ಹಿಡಿದ ಡ್ರಮ್ಮು ಆಗ ಸೊರಗಿದರೆ ಒಂದು ಮೈಕಿನ ಪೋಲಾರಿಟಿ ತಿರುಗಿಸಿ ನೋಡಿ.

ಕಂಠಕ್ಕೆ ಕಂಪ್ರೆಸರ್ ಬೇಕು. 3ಕ್ಕೆ 1 ಅಥವಾ 4ಕ್ಕೆ 1ರ ಪ್ರಮಾಣದಲ್ಲಿ, ಗಟ್ಟಿ ಜಾಗಗಳಲ್ಲಿ 3ರಿಂದ 6 ಡೆಸಿಬೆಲ್ ತಗ್ಗುವಷ್ಟು ಸಾಕು. ಆದರೆ ಕಂಪ್ರೆಸರಿಗೆ ಕನ್ನಡ ಬರುವುದಿಲ್ಲ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ, ಹಾಡುವವನ ಉಸಿರು ಮುಗಿಯುವುದೂ ಕೊನೆಗೇ. ಹೋದನೋ, ಬಂದನೋ, ಹೋಗಲೇ ಇಲ್ಲವೋ ಎಂಬುದೇ ತಿಳಿಯದ ಹಾಡಾಗುತ್ತದೆ. ಇಂಗ್ಲಿಷ್ ಹಾಡಿನ ಮಿಕ್ಸಿಂಗ್ ಪಾಠಗಳಲ್ಲಿ ಈ ಮಾತು ಸಿಗುವುದಿಲ್ಲ. ಆದ್ದರಿಂದ ಸಾಲುಸಾಲಾಗಿ ಕೂತು, ಕೊನೆಯ ಪದವನ್ನು ಒಂದೆರಡು ಡೆಸಿಬೆಲ್ ಕೈಯಿಂದಲೇ ಎತ್ತಿ. ಬೇಸರದ ಕೆಲಸ, ಒಂದು ಸಂಜೆ ಹಿಡಿಯುತ್ತದೆ. ಆದರೆ ನಿಮ್ಮ ಹಾಡಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ರಿವರ್ಬ್ ಬಗ್ಗೆ ಒಂದೇ ಮಾತು: ಉಪ್ಪಿನ ಹಾಗೆ.

ನೀವು ಆ ಹಾಡನ್ನು ನೂರು ಸಲ ಕೇಳಿದ್ದೀರಿ, ಪದಗಳು ಬಾಯಿಪಾಠವಾಗಿವೆ. ಕೇಳಿಸದಿದ್ದರೂ ಕೇಳಿಸಿದಂತೆಯೇ ತೋರುತ್ತದೆ. ಊರಿನಿಂದ ಬಂದಿರುವ ಅಜ್ಜಿಗೆ ಒಮ್ಮೆ ಕೇಳಿಸಿ, ಸಾಹಿತ್ಯದ ಹಾಳೆ ಕೊಡದೆ. ಅವರು ತಿರುಗಿ ಹೇಳಿದ ಪದಗಳನ್ನು ಬರೆದುಕೊಳ್ಳಿ, ಬಿಟ್ಟ ಪದಗಳಿಗೆ ಗುರುತು ಹಾಕಿ. ಅವರಿಗೆ ರಾಕ್ ಹಿಡಿಸಬೇಕಾಗಿಲ್ಲ.

ಕೊನೆಗೆ, ಕಳಿಸುವ ಕ್ರಮ. ಸದ್ದನ್ನು ನೀವೇ ಅದುಮಿ ಜೋರು ಮಾಡಿ ಕಳಿಸಬೇಡಿ. ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' 2008ರಲ್ಲಿ ಬಂದಾಗ, 'ಗಿಟಾರ್ ಹೀರೋ' ಎಂಬ ವಿಡಿಯೊ ಆಟದಲ್ಲಿದ್ದ ಅದೇ ಹಾಡುಗಳು ಸಿಡಿಗಿಂತ ಸ್ಪಷ್ಟವಾಗಿವೆಯೆಂದು ಅಭಿಮಾನಿಗಳೇ ದೂರಿದರು. ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್, ಮಿಕ್ಸ್ ತನ್ನ ಕೈಸೇರುವ ಮೊದಲೇ ಅದುಮಿಹೋಗಿತ್ತೆಂದು ತಿಳಿಸಿದರು. ಅಂಥ ತಂಡಕ್ಕೇ ಮಾಸ್ಟರಿಂಗ್ ದಾರಿ ತೋರಲಿಲ್ಲ. ಈಗಂತೂ ಸ್ಪಾಟಿಫೈ, ಯೂಟ್ಯೂಬ್ ಮೊದಲಾದವು ಅತಿ ಜೋರಿನ ಹಾಡನ್ನು ತಾವೇ ತಗ್ಗಿಸುತ್ತವೆ, ಕೂಗಿ ಲಾಭವಿಲ್ಲ.

ಮಾಸ್ಟರ್ ಚಾನೆಲಿನ ಲಿಮಿಟರ್ ತೆಗೆಯಿರಿ. ಅತಿ ಗಟ್ಟಿಯಾದ ಕ್ಷಣವೂ ಸೊನ್ನೆಗಿಂತ 3ರಿಂದ 6 ಡೆಸಿಬೆಲ್ ಕೆಳಗಿರಲಿ. 24 ಬಿಟ್‌ನ ವೇವ್ ಫೈಲ್ ಕಳಿಸಿ, ಎಂಪಿ3 ಬೇಡ. ಮೊದಲೂ ಕೊನೆಯೂ ಒಂದೆರಡು ಸೆಕೆಂಡು ಖಾಲಿ ಬಿಡಿ. ಬಿಡಿ ಟ್ರ್ಯಾಕುಗಳನ್ನು ಅಳಿಸಬೇಡಿ; ಕಂಠ ಇನ್ನೂ ಸ್ವಲ್ಪ ಮೇಲಿರಲಿ ಎಂದು ಅವರು ಹೇಳಿ ಕಳಿಸಿದರೆ ಮತ್ತೆ ಬೇಕಾಗುತ್ತವೆ. ಫೈಲಿಗೆ 'ಫೈನಲ್' ಎಂದು ಹೆಸರಿಡಬೇಡಿ, ತಾರೀಕು ಬರೆಯಿರಿ. ಫೈನಲ್ ಆದಮೇಲೆ ಫೈನಲ್-2, ಅದಾದಮೇಲೆ ನಿಜವಾದ ಫೈನಲ್, ಎಲ್ಲವೂ ಬರುತ್ತವೆ.